ಸತ್ತ ಮಂಗನ ಸುದ್ದಿ

೧೯೮೬ರ ದೀಪಾವಳಿ ಮುಗಿದ ವಾರ ಜಲಜಾಕ್ಷಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ; ಬರುತ್ತಾರೆಂದು ಅವಳೂ ಅಂದುಕೊಂಡಿರಲಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದು, ತಾಯಿ ವೆಂಕಮ್ಮ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಹೊಸನಗರದ ಹತ್ತಿರದ ಹುಟ್ಟೂರಿಗೆ ಬಂದಿದ್ದಳು. ತಾಯಿ ತೀರಿಕೊಂಡ ಮೇಲೆ ತಮ್ಮ ಮಂಜುನಾಥಪ್ಪ ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಅವನ ಹೆಂಡತಿ ಅವಳಿಗೆ ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದಳು. ನೆಂಟರಿಗೆ ಹಾಗೆ ಮಾಡುತ್ತಾರೆ. ಅದು ಅರ್ಥವಾಗಲು ಅವಳಿಗೆ ಒಂದು ಮಳೆಗಾಲ ಬೇಕಾಯಿತು.

ಸಾಗರದಲ್ಲಿ ಗಂಧದ ಕೆತ್ತನೆ ಮಾಡುವವರ ಅಂಗಡಿಯ ಮೇಲೆ ಒಂದು ರೂಮು ಸಿಕ್ಕಿತು. ಕೆಳಗಿನಿಂದ ಇಡೀ ದಿನ ಉಳಿಯ ಸದ್ದು ಬರುತ್ತಿತ್ತು. ಸಂಜೆ ಅದು ನಿಂತಾಗ ರೂಮು ಇದ್ದದ್ದಕ್ಕಿಂತ ದೊಡ್ಡದಾದ ಹಾಗೆ ಕಾಣುತ್ತಿತ್ತು.

ಅವಳಿಗೆ ಸಿಕ್ಕಿದ ಕೆಲಸ ಆ ಕಾಲಕ್ಕೆ ವಿಚಿತ್ರವಾದದ್ದೇ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಮಂಗನ ಕಾಯಿಲೆಯ ಮೇಲೆ ಕಣ್ಣಿಡಲು ಗ್ರಾಮಾರೋಗ್ಯ ಸೇವಾ ಸಂಘವೆಂಬ ಒಂದು ಸಂಸ್ಥೆ ಇತ್ತು. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು, ಸೊಪ್ಪಿಗೆ ಸೌದೆಗೆ ಹೋದವರನ್ನು ಕಚ್ಚಿ ಜ್ವರ ತರುತ್ತದೆ. ಆದ್ದರಿಂದ ಮಂಗ ಸತ್ತ ಸುದ್ದಿ ಬೇಗ ತಿಳಿದರೆ ಜನರನ್ನು ಉಳಿಸಬಹುದು. ಊರೂರಿನಲ್ಲಿ ಸಂಘದ ಸ್ವಯಂಸೇವಕರಿದ್ದರು. ಸತ್ತ ಮಂಗ ಕಂಡರೆ ಅವರು ಸಂಘಕ್ಕೆ ಒಂದು ಅಂಚೆ ಕಾರ್ಡು ಬರೆದು ಹಾಕಬೇಕು. ಸಂಘಕ್ಕೆ ಈಗ ಕಂಪ್ಯೂಟರ್ ಕೊಳ್ಳಲು ದೇಣಿಗೆ ಬಂದಿತ್ತು. ಯಂತ್ರ ಒದಗಿಸುವ ಬೆಂಗಳೂರಿನವರು, ಅದು ಏನೇನು ಮಾಡಬೇಕು ಎಂಬುದನ್ನು ಬರೆದು ಕೊಡಿ ಎಂದಿದ್ದರು. ಅದನ್ನು ಬರೆಯುವುದು ಜಲಜಾಕ್ಷಿಯ ಕೆಲಸ.

ಸಂಘ ನಡೆಸುತ್ತಿದ್ದವರು ಡಾಕ್ಟರ್ ಸೀತಾರಾಮಪ್ಪ. ಪ್ರಾಯದಲ್ಲಿ ಇದೇ ಜ್ವರದಿಂದ, ತಾವು ಚಿಕಿತ್ಸೆ ಕೊಡುತ್ತಿದ್ದಾಗಲೇ, ಜನ ಸತ್ತದ್ದನ್ನು ನೋಡಿದವರು. ಆಮೇಲೆ ಬೇರೆ ಯಾವುದನ್ನೂ ದೊಡ್ಡದೆಂದು ಎಣಿಸದವರು.

"ಸುದ್ದಿ ನಮ್ಮ ಆಫೀಸಲ್ಲೇ ಕೊಳೀತಾ ಇದೆ ಜಲಜಾಕ್ಷಿಯವರೇ," ಎಂದರು ಮೊದಲ ದಿನ. "ಕಾರ್ಡು ಬರುತ್ತೆ, ವಿಂಗಡಿಸ್ತೀವಿ, ನಕ್ಷೆ ಮೇಲೆ ಗುರುತು ಹಾಕೋ ಹೊತ್ತಿಗೆ ಜನ ಮಲಗಿರ್ತಾರೆ. ಕಂಪ್ಯೂಟರ್ ಬಂದ್ರೆ ಅವತ್ತಿಂದವತ್ತೇ ಗೊತ್ತಾಗುತ್ತೆ."

"ಏನೇನು ಬೇಕು ಅಂತ ಬರೆಯೋಕೆ ಮೊದಲು, ಏನು ತೊಂದರೆ ಅಂತ ನೋಡಬಹುದಾ ಸರ್?"

"ತೊಂದರೆ ಈಗ ಹೇಳಿದ್ನಲ್ಲ," ಎಂದು ಡಾಕ್ಟರು ನಕ್ಕರು. "ಆಗಲಿ, ನಿಮ್ಮ ಕ್ರಮ ಹೇಗಿದೆಯೋ ಹಾಗೆ ಮಾಡಿ. ಮಾರ್ಚ್ ಒಳಗೆ ನನ್ನ ಕೈಗೆ ಸಿಗಬೇಕು. ತಪ್ಪಿದ್ರೆ ದೇಣಿಗೆ ವಾಪಸ್ ಹೋಗುತ್ತೆ."

ಆ ಕ್ರಮವನ್ನು ಅವಳಿಗೆ ಕಲಿಸಿದವರು ಭದ್ರಾವತಿಯ ಮುಕುಂದಯ್ಯ. ಗೇಣಿ ಮಾಡುತ್ತಿದ್ದ ಮನೆಯಿಂದ ಬಂದು ಬಿ.ಎಸ್ಸಿ. ಓದಿದ ಹುಡುಗಿ ಕಾರ್ಖಾನೆಯ ಲೆಕ್ಕದ ಯಂತ್ರಗಳ ವಿಭಾಗಕ್ಕೆ, ಯಂತ್ರ ಓದುವ ದಪ್ಪ ಕಾರ್ಡುಗಳಿಗೆ ತೂತು ಹೊಡೆಯಲು ಸೇರಿದ್ದಳು. ಅಲ್ಲಿ ಇದ್ದ ಒಬ್ಬಳೇ ಹೆಂಗಸು ಅವಳು. ವಿಭಾಗದ ಮುಖ್ಯಸ್ಥರಾಗಿದ್ದ ಮುಕುಂದಯ್ಯ ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದರು. ಅದಕ್ಕಿಂತ ಹೆಚ್ಚಾಗಿ ಬರೆಯದೆ ತಡೆದುಕೊಳ್ಳುವುದನ್ನು ಕಲಿಸಿದರು. ಒಮ್ಮೆ ಉಗ್ರಾಣದವರು, ಇರುವ ಬೋಲ್ಟು ನಟ್ಟುಗಳ ಪಟ್ಟಿಯನ್ನು ಯಂತ್ರ ದಿನಾ ಬೆಳಿಗ್ಗೆ ಅಚ್ಚು ಮಾಡಿ ಕೊಡಬೇಕೆಂದು ಕೇಳಿದರು.

"ಅವರಿಗೆ ಪಟ್ಟಿ ಯಾಕೆ ಬೇಕಂತೆ, ಹೋಗಿ ನೋಡ್ಕೊಂಡು ಬಾ," ಎಂದರು ಮುಕುಂದಯ್ಯ.

ಅವಳು ಉಗ್ರಾಣದ ಬಾಗಿಲಲ್ಲಿ ಕೆಲವು ದಿನ ನಿಂತಳು. ಪುಸ್ತಕದಲ್ಲಿ ಇದೆ ಎಂದಿರುವ ಬೋಲ್ಟು ಕಪಾಟಿನಲ್ಲಿ ಇರುತ್ತಿರಲಿಲ್ಲ, ಅದೇ ಅವರ ಗೋಳು. ಲಾರಿ ಗೇಟಿಗೆ ಬಂದ ಕೂಡಲೇ ಮಾಲು ಬಂತೆಂದು ಬರೆದುಕೊಳ್ಳುತ್ತಿದ್ದರು, ಇಳಿಸುವುದು ಯಾವಾಗಲೋ. ಬರೆಯುವ ಹೊತ್ತನ್ನು ಬದಲಾಯಿಸಿದ ಮೇಲೆ ಪ್ರೋಗ್ರಾಂ ಬೇಕಾಗಲಿಲ್ಲ.

"ಕೇಳಿದ್ದನ್ನ ಕೊಟ್ಟಿದ್ರೆ ಸುಳ್ಳು ಪಟ್ಟಿ ದಿನಾ ಚಂದಾಗಿ ಅಚ್ಚಾಗಿ ಬರ್ತಿತ್ತು," ಎಂದರು ಮುಕುಂದಯ್ಯ. ಯಾವ ಕೆಲಸ ಬಂದರೂ ಅವರು ಒಂದು ಹಾಳೆಯ ಮೇಲೆ ಸಂಬಂಧಪಟ್ಟ ಎಲ್ಲರಿಗೂ ಸೊನ್ನೆಯಂಥ ಒಂದೊಂದು ಸುತ್ತು ಬರೆದು, ಯಾರಿಂದ ಯಾರಿಗೆ ಏನು ಹೋಗುತ್ತದೆಂದು ಗೆರೆ ಎಳೆಯುತ್ತಿದ್ದರು. ಯಾರಿಗೆ ಎಲ್ಲಿ ನೋಯುತ್ತಿದೆ ಎಂಬುದು ಕಂಡ ಮೇಲೆಯೇ ಯಂತ್ರಕ್ಕೆ ಒಂದು ಸುತ್ತು.

ಆ ವರ್ಷಗಳಲ್ಲೇ ಅವಳಿಗೊಂದು ಸಂಬಂಧ ನಿಶ್ಚಯವಾಗಿ, ಪಾಳಿಯಲ್ಲಿ ಗಂಡಸರ ಜೊತೆ ಕೆಲಸ ಮಾಡುವ ಹುಡುಗಿ ಬೇಡವೆಂದು ಗಂಡಿನ ಕಡೆಯವರು ಹಿಂದೆ ಸರಿದರು. ಇನ್ನೊಂದು ಕೂಡಿ ಬರಲಿಲ್ಲ. ಮೂವತ್ತು ದಾಟಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ.

ಸಾಗರದಲ್ಲಿ ಅವಳು ಮೊದಲು ಆಫೀಸನ್ನೇ ನೋಡಿದಳು. ಬಂದ ಕಾರ್ಡು ಅಲ್ಲಿ ಅಷ್ಟೇನೂ ಕೊಳೆಯುತ್ತಿರಲಿಲ್ಲ. ಆಮೇಲೆ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದವರ ಮಂಚದ ಪಕ್ಕ ಕೂತು ಮಾತಾಡಿಸತೊಡಗಿದಳು. ನಿಮ್ಮ ಊರಲ್ಲಿ ಮಂಗ ಸತ್ತಿತ್ತಾ ಎಂದು ಕೇಳುತ್ತಿದ್ದಳು. ಹೊಸನಗರ ಕಡೆಯ ಒಂದು ಊರಿನವರು ಮೂರು ಮಂದಿ ಇದ್ದರು. ಪ್ರಶ್ನೆ ಮುಗಿಯುವ ಮೊದಲೇ ಮೂವರೂ ಇಲ್ಲ ಎಂದರು. ಬೇರೆ ಊರಿನವರು ನೆನಪು ಮಾಡಿಕೊಳ್ಳಲು ಒಂದು ಗಳಿಗೆ ತಡೆಯುತ್ತಿದ್ದರು, ಇವರು ತಡೆಯಲಿಲ್ಲ. ಈಚಿನ ವರ್ಷಗಳಲ್ಲಿ ಆ ಊರಿಂದ ಒಂದೂ ಕಾರ್ಡು ಬಂದಿರಲಿಲ್ಲ.

ಆ ಊರಿನ ಹೆಸರು ಇಲ್ಲಿಯೂ ಬೇಡ. ಹೊಸನಗರದಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಗುಡ್ಡದ ಬುಡದವರೆಗೆ ನಡೆಯಬೇಕು, ಅಷ್ಟು ಸಾಕು. ಜನವರಿಯ ಒಂದು ಬೆಳಿಗ್ಗೆ ಅವಳು ಅಲ್ಲಿಗೆ ಹೋದಳು. ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಗೋಪಾಲಪ್ಪ ಅಲ್ಲಿಯ ಸ್ವಯಂಸೇವಕ.

"ನಮ್ಮಲ್ಲಿ ಎಂತ ತೊಂದ್ರೆನೂ ಇಲ್ಲ," ಎಂದ ಅವನು, ಬೆಲ್ಲದ ಮೇಲಿನ ನೊಣ ಓಡಿಸುತ್ತ. "ಬರೋದಕ್ಕೆ ಸುಮ್ನೆ ಶ್ರಮ ತಗಂಡ್ರಿ."

ಕಟ್ಟೆಯ ಮೇಲೆ ಕೂತವರನ್ನು ಕೇಳಿದಳು. ಕಂಪ್ಯೂಟರ್ ಬರುತ್ತದೆಂದು ಹೇಳಿ, ಅದರಿಂದ ನಿಮಗೇನು ಆಗಬೇಕೆಂದು ಕೇಳಿಬಿಟ್ಟಳು. ಒಬ್ಬ ಮುದುಕರು ಯೋಚನೆ ಮಾಡಿ, ಸಂಜೆ ಒಂದು ಬಸ್ಸು ಬಿಡಿಸಿದರೆ ಉಪಕಾರ ಎಂದರು. ಮುಕುಂದಯ್ಯ ಅಲ್ಲಿದ್ದಿದ್ದರೆ, ತೊಂದರೆಗಿಂತ ಮೊದಲು ಯಂತ್ರದ ಮಾತೆತ್ತಿದ್ದಕ್ಕೆ ಬೈಯುತ್ತಿದ್ದರು. ನಿಜವಾಗಿಯೂ ಸಂಜೆಯ ಬಸ್ಸು ಇರಲಿಲ್ಲ. ಗೋಪಾಲಪ್ಪ ಬೇರೆ ದಾರಿ ಕಾಣದೆ, ರಾತ್ರಿ ತಂಗಲು ಅವಳನ್ನು ಊರಿನ ಕೊನೆಯ ಮನೆಗೆ ಕರೆದುಕೊಂಡು ಹೋದ. ಅದು ಪುಷ್ಪಮ್ಮನ ಮನೆ. ಹಿಂದಿನ ವರ್ಷ ಗಂಡ ಗುತ್ಯಪ್ಪ ಜ್ವರದಲ್ಲಿ ಹೋಗಿದ್ದ. ಮಗಳು ರಿಪ್ಪನ್‌ಪೇಟೆಯಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು.

"ಕೂತ್ಕಳಿ ಅಕ್ಕ. ಬಿಸಿನೀರು ಅದೆ, ಕೈಕಾಲು ತೊಳಕಳಿ," ಎಂದಳು ಪುಷ್ಪಮ್ಮ. ಅಷ್ಟೇ. ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಜಲಜಾಕ್ಷಿ ಒಂದು ದಿನಕ್ಕೆಂದು ಬಂದವಳು ಕೆಲವು ದಿನ ಅಲ್ಲೇ ಉಳಿದಳು. ಪುಷ್ಪಮ್ಮ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಸೇರಿಸಿ ಊಟದೆಲೆ ಹಚ್ಚಿ ಪೇಟೆಗೆ ಮಾರುತ್ತಿದ್ದಳು. ಜಲಜಾಕ್ಷಿಗೆ ಚಿಕ್ಕಂದಿನಲ್ಲಿ ತಾಯಿ ಕಲಿಸಿದ ಕೆಲಸ ಅದು. ಕಡ್ಡಿ ಸೀಳಿಕೊಂಡು ಪಕ್ಕದಲ್ಲಿ ಕೂತಳು. ಮೊದಲ ಎಲೆ ಹರಿಯಿತು, ಆಮೇಲೆ ಬೆರಳಿಗೆ ನೆನಪಾಯಿತು. ಪ್ರಶ್ನೆ ಕೇಳುವುದನ್ನು ಬಿಟ್ಟಳು. ಬಿಡಬೇಕೆಂದು ಬಿಟ್ಟದ್ದಲ್ಲ, ಕೇಳುವ ಮನಸ್ಸಾಗಲಿಲ್ಲ. ಒಬ್ಬರ ಪಕ್ಕ ಸುಮ್ಮನೆ ಕೂತು ಎಷ್ಟು ವರ್ಷವಾಗಿತ್ತೋ ಅವಳಿಗೇ ಲೆಕ್ಕ ಸಿಗಲಿಲ್ಲ.

ಹಾಗೆ ಕೂತಿದ್ದಾಗ ಒಂದು ಮಧ್ಯಾಹ್ನ ಪುಷ್ಪಮ್ಮ ಎಲೆಯಿಂದ ಕಣ್ಣೆತ್ತದೆ ಹೇಳಿದಳು:

"ಮೊದಲ್ನೇ ವರ್ಷ ಗೋಪಾಲಪ್ಪ ಕಾರ್ಡು ಹಾಕಿದ್ದ ಅಕ್ಕ. ಜೀಪಲ್ಲಿ ಬಂದ್ರು. ಮಂಗನ್ನ ಸುಟ್ರು, ಉಣುಗು ಸಾಯೋ ಪುಡಿ ಹಾಕಿದ್ರು. ಮರಕ್ಕೆಲ್ಲ ಕೆಂಪು ಬಟ್ಟೆ ಕಟ್ಟಿ, ಮಳೆ ಹಿಡಿಯೋ ತನಕ ಗುಡ್ಡ ಹತ್ತಬ್ಯಾಡಿ ಅಂದ್ರು. ಒಳ್ಳೇದಕ್ಕೇ ಹೇಳಿದ್ದು. ಆದ್ರೆ ಒಲೆಗೆ ಎಂತ ಹಾಕೋದು, ಕೊಟ್ಟಿಗೆಗೆ ಎಂತ ಹಾಸೋದು? ಸೊಪ್ಪು, ಸೌದೆ, ತರಗೆಲೆ, ಎಲ್ಲ ಆ ಗುಡ್ಡದಿಂದ್ಲೇ ಬರಬೇಕು. ಪ್ಯಾಟೇಲಿ ನಮ್ಮ ಎಲೆ ತಗಳ್ಳಲಿಲ್ಲ, ಕಾಯಿಲೆ ಊರಿಂದು ಅಂದ್ರು. ಮಾತಾಗಿದ್ದ ಒಂದು ಮದುವೆನೂ ಬಿಟ್ಟೋಯ್ತು."

"ಆಮೇಲೆ?"

"ಆಮೇಲೆ ನಮ್ಮೂರಲ್ಲಿ ಮಂಗ ಸಾಯಲ್ಲ."

ಕಡ್ಡಿ ಚುಚ್ಚಿ ಇನ್ನೊಂದು ಎಲೆ ಸೇರಿಸಿದಳು.

"ಹೋದ ವರ್ಷ ಮನೆ ಹಿಂದೆನೇ ಒಂದು ಬಿದ್ದಿತ್ತು. ನಮ್ಮನೆಯವರು ಗುಂಡಿ ತೆಗೆದ್ರು, ನಾನು ಎಳೆದು ಹಾಕ್ದೆ. ಯಾರಿಗೂ ಹೇಳಲಿಲ್ಲ. ಅವರು ಹೋದ್ರು, ನಾನು ಉಳಕಂಡೆ."

ಜಲಜಾಕ್ಷಿ ಹಚ್ಚಿ ಮುಗಿದ ಎಲೆಗಳನ್ನು ಒಂದರ ಮೇಲೊಂದು ಇಟ್ಟು ಮೇಲೆ ಕಲ್ಲು ಹೇರಿದಳು.

"ನಮ್ಮೂರು ಅಂತ ಅಲ್ಲಿ ಹೇಳಬ್ಯಾಡಿ ಅಕ್ಕ," ಎಂದಳು ಪುಷ್ಪಮ್ಮ.

"ಹೇಳಲ್ಲ."

ಹೊರಡುವ ದಿನ ಪುಷ್ಪಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಬಾಟಲಿ ಕೊಟ್ಟು, ಶಿವರಾತ್ರಿಗೆ ಬನ್ನಿ ಎಂದಳು. ಅಷ್ಟು ಮಾತು ಸಾಕಾಗಿ ಜಲಜಾಕ್ಷಿ ಬಸ್ಸಿನ ತನಕ ಹಗುರವಾಗಿ ನಡೆದಳು.

ಸಾಗರದ ರೂಮಿನಲ್ಲಿ ಹಾಳೆ ಬಿಡಿಸಿ ಸುತ್ತುಗಳನ್ನು ಬರೆದಳು. ಸುದ್ದಿ ಕೊಡುವವರು, ಸಂಘ, ಗುಡ್ಡ, ಪೇಟೆಯವರು. ಸುದ್ದಿ ಕೊಡುವವರಿಂದ ಸಂಘಕ್ಕೆ ಒಂದು ಗೆರೆ. ಸಂಘದಿಂದ ಅವರಿಗೆ ಮರಳಿ ಬರುತ್ತಿದ್ದದ್ದು ಮುಚ್ಚಿದ ಗುಡ್ಡ, ಕೆಟ್ಟ ಹೆಸರು. ಹೇಳಿದವರಿಗೇ ಪೆಟ್ಟು ಬೀಳುವಂತೆ ಏರ್ಪಾಡು ಇತ್ತು. ಆದ್ದರಿಂದ ಯಾರೂ ಹೇಳುತ್ತಿರಲಿಲ್ಲ. ಬಾರದ ಕಾರ್ಡನ್ನು ಎಷ್ಟು ವೇಗದ ಯಂತ್ರವಾದರೂ ವಿಂಗಡಿಸುವಂತಿರಲಿಲ್ಲ. ಯಂತ್ರದ ಸುತ್ತನ್ನು ಎಲ್ಲಿ ಬರೆಯುವುದೆಂದು ನೋಡಿದಳು. ಮೂಲೆಯಲ್ಲಿ ಸಣ್ಣದೊಂದು ಬರೆದು ಅದಕ್ಕೆ ಯಾವ ಗೆರೆಯನ್ನೂ ಎಳೆಯದೆ ಬಿಟ್ಟಳು.

ವರದಿಯಲ್ಲಿ ಮೊದಲು ತೊಂದರೆಯನ್ನೇ ಬರೆದಳು. ಇಡೀ ಗುಡ್ಡ ಮುಚ್ಚುವ ಬದಲು ಮಂಗ ಬಿದ್ದ ಸುತ್ತಮುತ್ತ ಮಾತ್ರ ಮುಚ್ಚಬೇಕು. ಆ ಊರಿನವರಿಗೆ ಸೌದೆ, ಸೊಪ್ಪಿಗೆ ಬೇರೆ ಗುಡ್ಡದಲ್ಲಿ ಅನುಮತಿ ಕೊಡಿಸಬೇಕು. ಊರಿನ ಹೆಸರು ಪೇಟೆಗೆ ಹಬ್ಬದಂತೆ ನೋಡಿಕೊಳ್ಳಬೇಕು. ಇವು ಆದ ಮೇಲೆ ಯಂತ್ರದಿಂದ ಆಗಬೇಕಾದ ಕೆಲಸ ಕೊನೆಯ ಅರ್ಧ ಪುಟದಲ್ಲಿ ಮುಗಿದಿತ್ತು.

ಡಾಕ್ಟರು ಅವಳ ಎದುರಿಗೇ ಕೂತು ಓದಿದರು. ಅರ್ಧದಲ್ಲಿ ಕನ್ನಡಕ ತೆಗೆದು ಇಟ್ಟರು, ಮತ್ತೆ ಹಾಕಿಕೊಂಡರು.

"ಇದು ಯಾವ ಊರು?"

"ಹೇಳಲಾರೆ ಸರ್. ಮಾತು ಕೊಟ್ಟಿದ್ದೀನಿ."

"ಆ ಗುಡ್ಡದಲ್ಲಿ ಈ ವರ್ಷವೂ ಉಣುಗು ಇರುತ್ತೆ. ನೀವು ಸುಮ್ಮನಿದ್ದದ್ದಕ್ಕೆ ಇನ್ನೊಬ್ಬರು ಮಲಗಿದ್ರೆ?"

ಇದನ್ನೇ ಅವಳು ಬಸ್ಸಿನಲ್ಲಿ ಬರುವಾಗ ತನಗೆ ತಾನೇ ಕೇಳಿಕೊಂಡು, ಕಿಟಕಿಯ ಕಡೆ ತಿರುಗಿದ್ದಳು.

"ಹೇಳಿದ್ರೆ ಇನ್ನು ಯಾವ ಊರಲ್ಲೂ ಯಾರೂ ಬಾಯಿ ಬಿಡಲ್ಲ ಸರ್," ಎಂದಳು ಕೊನೆಗೆ.

"ಇರಬಹುದು." ಅವರು ಹಾಳೆಗಳನ್ನು ಜೋಡಿಸಿದರು. "ನೀವು ಬರೆದದ್ದು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ನಾನು ಕೇಳಿದ್ದು ಇದಲ್ಲ. ದೇಣಿಗೆ ಯಂತ್ರಕ್ಕೆ ಬಂದದ್ದು. ಇದನ್ನ ಓದಿ ಬೆಂಗಳೂರಿನವರು ಏನು ಮಾಡ್ತಾರೆ?"

ಅವಳ ಅವಧಿಯನ್ನು ಮುಂದುವರಿಸಲಿಲ್ಲ. ಬೇರೊಬ್ಬ ಬಂದು, ಎಷ್ಟು ಬಗೆಯ ಪಟ್ಟಿ ಬೇಕು, ಯಾವ ಪಟ್ಟಿಯಲ್ಲಿ ಎಷ್ಟು ಕಾಲಂ ಎಂದು ಸಿಬ್ಬಂದಿಯನ್ನು ಕೇಳಿ ಬೇಗ ಬರೆದು ಮುಗಿಸಿದ.

ಊರಿನ ಹೆಸರು ಅವಳ ಬಾಯಿಂದ ಬರಲಿಲ್ಲ. ಆದರೆ ಹೊಸನಗರದ ಬಸ್ಸಿನಲ್ಲಿ ಒಂಟಿ ಹೆಂಗಸು ಚೀಲ ಹಿಡಿದು ಎಲ್ಲಿ ಇಳಿದಳು, ಯಾವಾಗ ಹತ್ತಿದಳು ಎಂಬುದು ಕಂಡಕ್ಟರನಿಗೆ ನೆನಪಿತ್ತು, ಕೇಳಿದವರಿಗೆ ಹೇಳಿದ. ಫೆಬ್ರವರಿಯಲ್ಲಿ ಸಂಘದ ಜೀಪು ಆ ಗುಡ್ಡದ ಬುಡಕ್ಕೆ ಹೋಯಿತು.

ವಿಷಯ ತಿಳಿದ ಮರುದಿನವೇ ಜಲಜಾಕ್ಷಿ ಹೊರಟಳು. ಶಿವರಾತ್ರಿಗೆ ಇನ್ನೂ ದಿನವಿತ್ತು. ಗೋಪಾಲಪ್ಪ ಅವಳು ಬರುವುದನ್ನು ಕಂಡು ಅಂಗಡಿಯೊಳಗೆ ಹೋದ. ಗುಡ್ಡದ ಅಂಚಿನ ಮರಗಳಿಗೆ ಹೊಸ ಕೆಂಪು ಬಟ್ಟೆ ಕಟ್ಟಿತ್ತು. ಪುಷ್ಪಮ್ಮ ಹೊಸ್ತಿಲಿನ ಒಳಗೇ ನಿಂತಿದ್ದಳು.

"ನಾನು ಹೇಳಲಿಲ್ಲ ಪುಷ್ಪಮ್ಮ," ಎಂದಳು ಜಲಜಾಕ್ಷಿ.

"ಇರಬೋದು."

"ನಿಜವಾಗ್ಲೂ ಹೇಳಲಿಲ್ಲ."

"ನೀವು ಬಂದ್ರಿ, ಆಮೇಲೆ ಅವರು ಬಂದ್ರು. ಊರವರು ನನ್ನ ಕೇಳ್ತಾರೆ, ನಾನು ಎಂತ ಹೇಳ್ಲಿ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾತು ಬೆಳೆಸಬಹುದಿತ್ತು. "ನೀರು ಬೇಕಾ?"

ಒಳಗೆ ಬನ್ನಿ ಎನ್ನಲಿಲ್ಲ. ಲೋಟದಲ್ಲಿ ನೀರು ತಂದು ಕೊಟ್ಟಳು. ಜಲಜಾಕ್ಷಿ ನಿಂತೇ ಕುಡಿದಳು.

"ಬಸ್ಸಿನ ಹೊತ್ತಾಯ್ತು," ಎಂದಳು ಪುಷ್ಪಮ್ಮ, ಲೋಟ ತೆಗೆದುಕೊಂಡು.

ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು. ಜಲಜಾಕ್ಷಿ ರಸ್ತೆಯ ಬದಿಯ ಮೋರಿ ಕಟ್ಟೆಯ ಮೇಲೆ ಕೂತು ಕಾದಳು. ಅತ್ತಿತ್ತ ಹೋಗುವವರು ಅವಳನ್ನು ನೋಡಿದರು, ಮಾತಾಡಿಸಲಿಲ್ಲ.

ನಿವೃತ್ತರಾಗಿ ತೀರ್ಥಹಳ್ಳಿಯಲ್ಲಿದ್ದ ಮುಕುಂದಯ್ಯನವರ ಮಾತಿನ ಮೇಲೆ ಅವಳಿಗೆ ಅಲ್ಲಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಸಿಕ್ಕಿತು. ಇನ್‌ಸ್ಟಿಟ್ಯೂಟಿನವರೂ ಒಂದು ಕಂಪ್ಯೂಟರ್ ತರಿಸಿದ್ದರು. ಕಾಲೇಜು ಮುಗಿಸಿದ ಹುಡುಗಿಯರು ಬರುತ್ತಿದ್ದರು, ಕಲಿಯುತ್ತಿದ್ದರು, ಮದುವೆಯಾಗಿ ಹೋಗುತ್ತಿದ್ದರು. ಭಾನುವಾರ ಅವಳು ಮುಕುಂದಯ್ಯನವರ ಮನೆಗೆ ಹೋಗಿ ಕೂರುತ್ತಿದ್ದಳು. ಒಂದು ಭಾನುವಾರ ನಡೆದದ್ದನ್ನೆಲ್ಲ ಅವರಿಗೆ ಹೇಳಿದಳು.

"ಹಾಳೆ ಮೇಲೆ ನಿನಗೂ ಒಂದು ಸುತ್ತು ಬರೀಬೇಕಿತ್ತು," ಎಂದರು ಕೇಳಿ ಮುಗಿದ ಮೇಲೆ. "ಕೇಳೋಕೆ ಹೋದವರು ಹೊರಗೇ ಇದ್ದೀವಿ ಅಂದ್ಕೊಳ್ತೀವಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಕಾರ್ಖಾನೇಲಿ ಅದು ನಡೀತಿತ್ತು."

ಮರುವರ್ಷ ಮಗ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದ. ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ಅವಳು ಬಟ್ಟೆ ಒಗೆದು, ತುಂಗೆಯ ಕಡೆ ಒಂದು ಸುತ್ತು ಹೋಗಿ, ಬೆಳಕಿರುವಾಗಲೇ ಊಟ ಮುಗಿಸುತ್ತಿದ್ದಳು. ಮೊದಮೊದಲು ಎರಡು ಹೊತ್ತಿಗೂ ಅಡಿಗೆ ಮಾಡುತ್ತಿದ್ದವಳು ಆಮೇಲೆ ಒಂದೇ ಹೊತ್ತಿಗೆ ಮಾಡತೊಡಗಿದಳು. ಇನ್‌ಸ್ಟಿಟ್ಯೂಟಿಗೆ ಸೋಮವಾರವೂ ರಜೆ ಬಂದರೆ, ಎರಡು ದಿನ ಯಾರ ಜೊತೆಯೂ ಮಾತಾಡಿರದೆ, ಮಂಗಳವಾರ ಬೆಳಿಗ್ಗೆ ತನ್ನ ದನಿ ತನಗೇ ಒರಟಾಗಿ ಕೇಳಿಸುತ್ತಿತ್ತು.

೧೯೮೯ರ ಏಪ್ರಿಲಿನಲ್ಲಿ ತಮ್ಮನ ಮಗಳ ನಾಮಕರಣಕ್ಕೆ ಹೋಗಿ, ಊಟ ಮುಗಿಸಿ, ಹೊಸನಗರದಿಂದ ತೀರ್ಥಹಳ್ಳಿಯ ಬಸ್ಸು ಹತ್ತಿದಳು. ಜನ ತುಂಬಿತ್ತು. ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಪುಷ್ಪಮ್ಮ ಕೂತಿದ್ದಳು, ಕಾಲಿನ ಹತ್ತಿರ ಊಟದೆಲೆಯ ಕಟ್ಟು. ಅವಳೇ ಸರಿದು ಜಾಗ ಮಾಡಿದಳು.

"ಹುಷಾರಿದೀರಾ ಅಕ್ಕ?"

"ಹೂಂ. ನೀನು?"

"ಇದೀನಿ. ಮಗಳ ಮದುವೆ ಆಯ್ತು. ಕೋಣಂದೂರಿಗೆ ಕೊಟ್ಟಿದೀನಿ, ಅಲ್ಲಿಗೇ ಹೊರಟೆ."

ಸ್ವಲ್ಪ ದೂರ ಹೋದ ಮೇಲೆ ಜಲಜಾಕ್ಷಿ, ಊರಲ್ಲಿ ಈ ವರ್ಷ ಜ್ವರ ಇತ್ತಾ ಎಂದು ಕೇಳಿದಳು.

"ಇಲ್ಲ. ಮಂಗ ಒಂದು ಸತ್ತಿತ್ತು. ಹೇಳಿ ಕಳಿಸಿದ್ವಿ." ಪುಷ್ಪಮ್ಮ ಸಹಜವಾಗಿಯೇ ಹೇಳಿದಳು. "ಈಗ ಮೊದಲಿನ ಹಾಗೆ ಅಲ್ಲ ಅಕ್ಕ. ಬಿದ್ದ ಜಾಗ ಅಷ್ಟೇ ಮುಚ್ತಾರೆ. ಸೌದೆಗೆ ಆಚೆ ಗುಡ್ಡಕ್ಕೆ ಬಿಡಿಸ್ಕೊಟ್ರು. ಜೀಪೂ ಊರೊಳಗೆ ತರಲ್ಲ, ರಸ್ತೇಲೇ ನಿಲ್ಸಿ ನಡ್ಕಂಡು ಬರ್ತಾರೆ. ಆ ಡಾಕ್ಟ್ರೇ ಬಂದು ಮಾತಾಡಿದ್ರು. ಒಳ್ಳೇ ಮನುಷ್ಯ."

"ಹೌದು, ಒಳ್ಳೇ ಮನುಷ್ಯ," ಎಂದಳು ಜಲಜಾಕ್ಷಿ.

ಅದೆಲ್ಲ ತಾನು ವರದಿಯಲ್ಲಿ ಬರೆದದ್ದೇ ಎಂದು ಹೇಳಬಹುದಿತ್ತು, ಮಾತು ನಾಲಿಗೆಯ ತನಕ ಬಂದಿತ್ತು ಕೂಡ. ಹೇಳಿದರೆ ಪುಷ್ಪಮ್ಮ ಹೌದಾ ಅಂದಾಳು, ನಂಬಿದರೂ ನಂಬಿಯಾಳು. ಆದರೆ ಆ ಹೊಸ್ತಿಲಲ್ಲಿ ನಿಂತು ಕುಡಿದ ನೀರು ಅದರಿಂದ ಬೇರೆಯಾಗುತ್ತಿರಲಿಲ್ಲ. ಗುಡ್ಡದ ಕಥೆ ಸರಿಹೋಗಿತ್ತು. ಇದು ಬೇರೆ.

ಆಮೇಲೆ ಇಬ್ಬರೂ ಮಗಳ ಮನೆಯ ವಿಷಯ, ಎಲೆಯ ದರದ ವಿಷಯ ಮಾತಾಡಿದರು. ಕೋಣಂದೂರಿನಲ್ಲಿ ಪುಷ್ಪಮ್ಮ ಎದ್ದಳು. ಜಲಜಾಕ್ಷಿ ಎಲೆಯ ಕಟ್ಟನ್ನು ಎತ್ತಿ ಕೊಟ್ಟಳು.

"ಬರ್ತೀನಿ ಅಕ್ಕ," ಎಂದಳು ಪುಷ್ಪಮ್ಮ. ಒಮ್ಮೆ ನಿಂತು, ಏನೋ ಹೇಳುವವಳಂತೆ ನೋಡಿ, ಹಿಂದಿನವರು ನೂಕಿದ್ದರಿಂದ ಇಳಿದು ಹೋದಳು.

ಖಾಲಿಯಾದ ಜಾಗಕ್ಕೆ ಒಬ್ಬ ಅಪರಿಚಿತ ಮುದುಕಿ ಬಂದು ಕೂತು, ತೀರ್ಥಹಳ್ಳಿ ಬಂದಾಗ ಹೇಳವ್ವಾ ಎಂದು ಕೇಳಿಕೊಂಡು ಕಣ್ಣು ಮುಚ್ಚಿದಳು. ಆಗಲಿ ಎಂದಳು ಜಲಜಾಕ್ಷಿ. ದಾರಿಯುದ್ದಕ್ಕೂ ಎಚ್ಚರವಾಗಿದ್ದು, ಊರು ಬಂದಾಗ ಮುದುಕಿಯ ತೋಳು ಮುಟ್ಟಿ ಎಬ್ಬಿಸಿದಳು.